ಹನ್ನೆರಡು ಡೈಪರ್, ಹತ್ತು ವರ್ಷ ಗ್ಯಾರಂಟಿ

"ಇವತ್ತಿಂದ ಈ ಮನೆಯೊಳಗೆ ಬಿಸಾಡೋ ಡೈಪರ್ ಒಂದೂ ಕಾಲಿಡೋ ಹಾಗಿಲ್ಲ!"

ಶುಕ್ರವಾರ ಸಂಜೆ ಗ್ಯಾರಂಟಿ ಈ ಘೋಷಣೆ ಹೊರಡಿಸಿದಾಗ ಅವನ ಎಡಗೈಯಲ್ಲಿ ತುಂಬಿ ತುಳುಕುವ ಕಸದ ಬುಟ್ಟಿಯಿತ್ತು, ಬಲಗೈಯಲ್ಲಿ ಒಂದೂವರೆ ವರ್ಷದ ಮಗಳಿದ್ದಳು. ಬುಟ್ಟಿಯಲ್ಲಿ ಆ ವಾರದ ಡೈಪರುಗಳೆಲ್ಲ ಉಂಡೆಯುಂಡೆಯಾಗಿ ಕೂತಿದ್ದವು. ಮಗಳ ತೊಡೆಸಂದಿಯಲ್ಲಿ ಅವುಗಳ ಕೃಪೆಯಿಂದ ಕೆಂಪು ಗುಳ್ಳೆಗಳು ಎದ್ದಿದ್ದವು. ಒಂದು ಕೈ ಭೂಮಿಯ ಭಾರ, ಇನ್ನೊಂದು ಕೈ ಸಂಸಾರದ ಭಾರ! ಎರಡನ್ನೂ ಒಟ್ಟಿಗೆ ಇಳಿಸುವ ಪಣ ತೊಟ್ಟ ವೀರನಂತೆ ಅವನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ.

ಗ್ಯಾರಂಟಿ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಕಟ್ಟಡಗಳ ಸೋರಿಕೆ ನಿಲ್ಲಿಸುವ ಕಂಪನಿಯಲ್ಲಿ ಅವನು ಮೇಲ್ವಿಚಾರಕ. ಯಾರ ತಾರಸಿ ಹತ್ತಿದರೂ ಬೂಟಿನಿಂದ ಎರಡು ಸಲ ಕುಟ್ಟಿ, ಮೂಲೆಗಳನ್ನು ಬಗ್ಗಿ ನೋಡಿ, "ಹತ್ತು ವರ್ಷ ಗ್ಯಾರಂಟಿ! ಒಂದು ಹನಿ ಕೆಳಗಿಳಿದ್ರೆ ನನ್ನ ಕೇಳಿ" ಎನ್ನುವುದು ಅವನ ರೂಢಿ. ಹೇಳಿ ಹೇಳಿ ಆ ಮಾತು ಅವನಿಗೇ ಅಂಟಿಕೊಂಡಿತ್ತು. ಈಗ ಕಚೇರಿಯ ಫೋನಿನಲ್ಲೂ ಅವನ ನಂಬರು 'ಗ್ಯಾರಂಟಿ' ಎಂದೇ ಇತ್ತು.

ಹೆಂಡತಿ ಒಲೆಯ ಮುಂದಿನಿಂದ ತಿರುಗಿ ನೋಡಿದಳು.

"ಸೋಮವಾರ ನಾನು ಕೆಲಸಕ್ಕೆ ಹೋಗ್ಬೇಕು ರೀ. ಪುಟ್ಟಿ ಡೇಕೇರಿಗೆ ಹೋಗೋದೂ ಅವತ್ತಿಂದಾನೇ. ಈ ಕ್ರಾಂತಿ ಇನ್ನೊಂದು ವಾರ ತಡ್ಕೊಳ್ಳಲ್ವಾ?"

"ಕ್ರಾಂತಿ ಯಾವತ್ತಾದ್ರೂ ಕ್ಯಾಲೆಂಡರ್ ನೋಡ್ಕೊಂಡು ಬರುತ್ತೇನೇ?"

"ಸರಿ. ತೊಳೆಯೋರು ಯಾರು?"

"ನಾನು!"

"ಒಣಗಿಸೋರು?"

"ನಾನೇ!"

"ಸೋರಿದ್ರೆ?"

ಗ್ಯಾರಂಟಿ ಬುಟ್ಟಿ ಕೆಳಗಿಟ್ಟು ನಕ್ಕ. "ಸೋರೋದಾ? ಯಾರ ಮನೇಲಿ ನಿಂತ್ಕೊಂಡು ಏನು ಕೇಳ್ತಿದೀಯ? ಆಸ್ಪತ್ರೆ ತಾರಸಿ, ಕಾಲೇಜು ತಾರಸಿ, ಈಜುಕೊಳ ಎಲ್ಲ ನಿಲ್ಸಿದೀನಿ. ಈ ಗೇಣುದ್ದದ ಹುಡುಗೀನ ನಿಲ್ಸೋಕಾಗಲ್ವಾ?"

ಗೇಣುದ್ದದ ಹುಡುಗಿ ಅಪ್ಪನ ಅಂಗಿಯ ಗುಂಡಿಯನ್ನು ಬಾಯಿಗಿಟ್ಟುಕೊಂಡು ಸುಮ್ಮನೆ ನೋಡುತ್ತಿದ್ದಳು.

ಹೆಂಡತಿ ನಗಲಿಲ್ಲ, ಕಾರಣವಿತ್ತು. ಅವಳು ಕಣ್ಣಿನ ಆಸ್ಪತ್ರೆಯಲ್ಲಿ ದೃಷ್ಟಿ ಪರೀಕ್ಷೆ ಮಾಡುವವಳು. ಬಂದವರನ್ನು ಕುರ್ಚಿಯಲ್ಲಿ ಕೂರಿಸಿ, ಒಂದು ಕಣ್ಣು ಮುಚ್ಚಿಸಿ, ಗೋಡೆಯ ಮೇಲಿನ ಅಕ್ಷರಗಳನ್ನು ಓದಿಸಿ ಕನ್ನಡಕದ ನಂಬರು ಹೇಳುವ ಕೆಲಸ. ಹೆರಿಗೆಗೆಂದು ಬಿಟ್ಟವಳನ್ನು ಆಸ್ಪತ್ರೆಯವರು ಎರಡು ವರ್ಷದ ಮೇಲೆ ಮತ್ತೆ ಕರೆದಿದ್ದರು. ಕರೆದ ಮ್ಯಾನೇಜರು ಕೊನೆಯಲ್ಲಿ ಒಂದು ಮಾತು ಸೇರಿಸಿದ್ದರು: "ಮೊದಲ ತಿಂಗಳು ರಜೆ ಮಾತ್ರ ಕೇಳಬೇಡಿ. ಆ ಕುರ್ಚಿಗೆ ಇನ್ನೂ ಇಬ್ಬರು ಕಾಯ್ತಿದ್ದಾರೆ."

ಡೇಕೇರಿನ ಮೇಡಮ್ಮಿನದು ಇನ್ನೊಂದು ಷರತ್ತು. ಅವರು ಆಟದ ಕೋಣೆಗೆ ಹೊಸದಾಗಿ ಕಾರ್ಪೆಟ್ ಹಾಸಿದ್ದರು, ಅದನ್ನು ಹೆತ್ತ ಮಗುವಿನಂತೆ ನೋಡಿಕೊಳ್ಳುತ್ತಿದ್ದರು. "ಮೊದಲ ವಾರ ನೋಡ್ತೀನಿ. ಕಾರ್ಪೆಟ್ ಮೂರು ಸಲ ನೆನೆದ್ರೆ, ಮಗು ತಾನಾಗೇ ಹೇಳೋಷ್ಟು ದೊಡ್ಡದಾದ್ಮೇಲೆ ಕರ್ಕೊಂಡು ಬನ್ನಿ" ಎಂದಿದ್ದರು. ನಡೆದು ಹೋಗುವ ದೂರದಲ್ಲಿ ಬೇರೆ ಡೇಕೇರ್ ಇರಲಿಲ್ಲ. ಪುಟ್ಟಿ ಮೂರು ಸಲ ಸೋರಿದರೆ ಹೆಂಡತಿಯ ಕುರ್ಚಿ ಹೋದಂತೆಯೇ.

"ನನ್ನ ಕೆಲಸ ನಿಮ್ಮ ಡೈಪರ್ ಮೇಲೆ ನಿಂತಿದೆ, ನೆನಪಿರಲಿ" ಎಂದಳು ಅವಳು.

"ಭದ್ರವಾದ ಅಡಿಪಾಯದ ಮೇಲೇ ನಿಂತಿದೆ ಬಿಡು!"

ಹಿಂದೆ ಸರಿಯುವ ದಾರಿಯೇ ಇರಬಾರದೆಂದು ಅವನು ಆಗಲೇ ಕಪಾಟಿನಲ್ಲಿದ್ದ ಎರಡು ಕಟ್ಟು ಡೈಪರುಗಳನ್ನು ಎತ್ತಿಕೊಂಡು ಹೋಗಿ ಎದುರು ಮನೆಯ ಬೆಲ್ ಒತ್ತಿದ. ಅಲ್ಲಿ ಅವಳಿ ಮಕ್ಕಳಿದ್ದವು. ಅವುಗಳ ತಾಯಿ ಕಟ್ಟುಗಳನ್ನೂ ಅವನ ಮುಖವನ್ನೂ ನೋಡಿದಳು.

"ಅಣ್ಣಾ, ನಾಳೆ ಮನಸ್ಸು ಬದಲಾದ್ರೆ?"

"ಬದಲಾಗೋ ಮಾತೇ ಇಲ್ಲಮ್ಮ!"

ಅವಳು ಎರಡೂ ಕಟ್ಟುಗಳನ್ನು ಒಳಗೆಳೆದುಕೊಂಡು ತಕ್ಷಣ ಬಾಗಿಲು ಹಾಕಿದಳು. ಚಿಲಕ ಬಿದ್ದ ಸದ್ದೂ ಕೇಳಿಸಿತು.

ಶನಿವಾರ ಬೆಳಿಗ್ಗೆ ಹನ್ನೆರಡು ಬಟ್ಟೆ ಡೈಪರುಗಳ ಪೆಟ್ಟಿಗೆ ಬಂತು. ಹೊರಗೆ ಬಣ್ಣಬಣ್ಣದ ಚಡ್ಡಿ, ಅದರೊಳಗೆ ಇಡಲು ದಪ್ಪನೆಯ ಬಿಳಿ ಬಟ್ಟೆ. ಜೊತೆಗೆ ಅಂಗೈಯಗಲದ ಒಂದು ಸೂಚನಾ ಚೀಟಿ. ಗ್ಯಾರಂಟಿ ಕ್ರಮ ತಪ್ಪದ ಮನುಷ್ಯ. ಚೀಟಿಯನ್ನು ವಾಷಿಂಗ್ ಮಶೀನಿನ ಮೇಲಿನ ಗೋಡೆಗೆ ಹಚ್ಚಿದ. ನೀರು ಸಿಡಿಯುವ ಜಾಗವಲ್ಲವೇ? ಸುಮ್ಮನೆ ಹಚ್ಚಿದರೆ ಆದೀತೇ? ಕಂಪನಿಯಲ್ಲಿ ಪೈಪಿನ ಸಂದಿಗೆ ಸುತ್ತುವ ಎರಡು ಬೆರಳಗಲದ ಬೂದು ಟೇಪು ತಂದು ನಾಲ್ಕೂ ಅಂಚಿಗೆ ಎಳೆದು ಒತ್ತಿದ. ಈಗ ಪ್ರವಾಹ ಬಂದರೂ ಚೀಟಿ ಅಲುಗುವಂತಿರಲಿಲ್ಲ. ಆಮೇಲೆ ಎದುರಿಗೆ ನಿಂತು ಕಂಡಷ್ಟನ್ನು ಗಟ್ಟಿಯಾಗಿ ಓದಿದ: "ಹೊಸ ಬಟ್ಟೆಯನ್ನು ಆರು ಸಲ ತೊಳೆದು ಒಣಗಿಸಿದ ನಂತರವೇ ಬಳಸಿ."

"ಆರು ಸಲಾನಾ? ಒಂದೇ ದಿನದಲ್ಲಾ?" ಎಂದಳು ಹೆಂಡತಿ.

"ಆರು ಅಂದ್ರೆ ಆರು. ಐದು ಸಲ ತೊಳೆದು ಆರು ಅಂತ ಬರೆಯೋನಲ್ಲ ನಾನು!"

ಮೊದಲ ಸಲ ಒಣಗಿ ಬಂದ ಬಟ್ಟೆಗಳು ರಟ್ಟಿನಂತಿದ್ದವು. ಒಂದನ್ನು ಮೇಜಿನ ಮೇಲೆ ನಿಲ್ಲಿಸಿದರೆ ತಾನಾಗಿ ನಿಂತಿತು! ಮಗಳ ಗುಳ್ಳೆಯೆದ್ದ ಚರ್ಮಕ್ಕೆ ಈ ರಟ್ಟನ್ನು ಕಟ್ಟುವುದೇ? ತಂದೆಯ ಕರುಳು ಚುರುಕ್ ಎಂದಿತು. ಅಂಗಡಿಗೆ ಓಡಿ ಬಟ್ಟೆ ಮೆತ್ತಗೆ ಮಾಡುವ ಸಾಫ್ಟ್‌ನರ್ ತಂದ. ನೀಲಿ ಬಣ್ಣ, ಮಲ್ಲಿಗೆಯ ಪರಿಮಳ. ಒಂದು ಮುಚ್ಚಳ ಸಾಕು ಎಂದು ಬಾಟಲಿಯ ಮೇಲಿತ್ತು. ಹೆತ್ತ ಮಗಳಿಗೆ ಒಂದು ಮುಚ್ಚಳದ ಜಿಪುಣತನವೇ? ಮೂರು ಮುಚ್ಚಳ ಸುರಿದ. ಹೀಗೆ ಉಳಿದ ಐದು ಸಲವೂ ಮೂರು ಮೂರು ಮುಚ್ಚಳ. ಮಶೀನು ದಿನವಿಡೀ ಗುಡುಗಿತು, ಒಣಗಿಸಲು ಮನೆಯ ಫ್ಯಾನುಗಳೆಲ್ಲ ರಾತ್ರಿಯವರೆಗೂ ತಿರುಗಿದವು. ಕಿಟಕಿ ಸರಳು, ಕುರ್ಚಿ ಬೆನ್ನು, ಬಾಗಿಲ ಹಿಡಿ, ಎಲ್ಲೆಲ್ಲೂ ಬಿಳಿ ಬಟ್ಟೆ ತೂಗಿ ಮನೆ ಶರಣಾಗತಿಗೆ ಸಿದ್ಧವಾದ ಕೋಟೆಯಂತೆ ಕಂಡಿತು. ಆರನೆಯ ಸಲ ಒಣಗಿದ ಬಟ್ಟೆಯನ್ನು ಕೆನ್ನೆಗೊತ್ತಿಕೊಂಡರೆ, ಆಹಾ! ಬೆಣ್ಣೆ!

ಭಾನುವಾರ ಪರೀಕ್ಷೆ. ತಾರಸಿಯ ಕೆಲಸ ಮುಗಿದ ಮೇಲೆ ಸುತ್ತ ಒಡ್ಡು ಕಟ್ಟಿ, ನೀರು ತುಂಬಿಸಿ, ಒಂದು ದಿನ ಬಿಟ್ಟು ಕೆಳಗಿನ ಚಾವಣಿ ನೋಡುವುದು ಅವನ ಕಂಪನಿಯ ಪದ್ಧತಿ. ನೀರು ಮೇಲೆ ನಿಂತರೆ ಪಾಸು, ಕೆಳಗಿಳಿದರೆ ಫೇಲು. ಹನ್ನೆರಡು ವರ್ಷದಿಂದ ಇದೊಂದೇ ಪರೀಕ್ಷೆ ಮಾಡಿದವನಿಗೆ ಬೇರೆ ಪರೀಕ್ಷೆ ಹೊಳೆಯುವುದಾದರೂ ಹೇಗೆ? ಊಟದ ಮೇಜಿನ ಮೇಲೆ ಹಳೆಯ ಪೇಪರು ಹರಡಿ, ಡೈಪರನ್ನು ದೋಣಿಯಂತೆ ಮಡಿಸಿಟ್ಟು, ಒಂದು ಲೋಟ ನೀರು ಸುರಿದು, ಗಡಿಯಾರ ನೋಡುತ್ತಾ ಕೂತ. ಅರ್ಧ ಗಂಟೆಯಾದ ಮೇಲೆ ಕೆಳಗೆ ಕೈ ತೂರಿಸಿ ಪೇಪರು ಮುಟ್ಟಿ ನೋಡಿದ. ಗರಿಗರಿ!

"ಬಾರೇ ಇಲ್ಲಿ! ನೋಡು! ಒಂದು ಹನಿ ಕೆಳಗಿಳಿದಿಲ್ಲ!"

ಹೆಂಡತಿ ಬಂದಳು, ಬಗ್ಗಿದಳು, ಹುಬ್ಬು ಗಂಟಿಕ್ಕಿದಳು.

"ನೀರು ಮೇಲೇ ನಿಂತಿದ್ಯಲ್ಲ ರೀ. ಕೆರೆ ಥರ."

"ನಿಲ್ಲಬೇಕು ಕಣೇ! ಅದಕ್ಕೇ ಪಾಸು ಅನ್ನೋದು!"

"ಅಲ್ಲಾ, ಬಟ್ಟೆ ಅಂದ್ಮೇಲೆ..."

"ನಿನಗೆ ಕಣ್ಣಿನ ವಿಷಯ ಗೊತ್ತು, ನನಗೆ ನೀರಿನ ವಿಷಯ ಗೊತ್ತು" ಎಂದು ಅವನು ಆ ಕೆರೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಸಿಂಕಿಗೆ ಸುರಿದು ಬಂದ.

ಸೋಮವಾರ ಬೆಳಿಗ್ಗೆ ಹೆಂಡತಿ ಎರಡು ವರ್ಷದ ಮೇಲೆ ಬಿಳಿ ಕೋಟು ತೊಟ್ಟಳು. ಕನ್ನಡಿಯ ಮುಂದೆ ನಿಂತು ಕಾಲರನ್ನು ಮೂರು ಮೂರು ಸಲ ಸರಿಮಾಡಿಕೊಂಡದ್ದನ್ನು ಗ್ಯಾರಂಟಿ ನೋಡಿದ. 'ಪರೀಕ್ಷೆ ಪಾಸಾಗಿದೆಯಲ್ಲ' ಎಂದು ತನಗೆ ತಾನೇ ಹೇಳಿಕೊಂಡ. ಮಗಳನ್ನು ಡೇಕೇರಿಗೆ ಬಿಟ್ಟು ಕಚೇರಿ ತಲುಪಿ ಇನ್ನೂ ಚೀಲ ಕೆಳಗಿಟ್ಟಿರಲಿಲ್ಲ, ಮೇಡಮ್ಮಿನ ಸಂದೇಶ ಬಂತು: "ಒಂದು."

ಒಂದೇ ಪದ. ಮುಂದೆ ಚುಕ್ಕಿ.

ಸಂಜೆ ಅವನು ಹೆಂಡತಿಗೆ ಹೇಳಿದ: "ಹೊಸ ಜಾಗ ನೋಡು, ಮಗು ಗಾಬರಿಯಾಗಿದೆ. ನಾಳೆಯಿಂದ ಸರಿಹೋಗುತ್ತೆ. ಬಟ್ಟೆ ಇನ್ನೊಂದು ಪದರ ಹಾಕ್ತೀನಿ." ಆ ಸಂಜೆ ಎಲ್ಲ ಬಟ್ಟೆಗಳನ್ನೂ ಮತ್ತೊಮ್ಮೆ ಒಗೆದ. ಮಗಳಿಗೆ ಕಸಿವಿಸಿಯಾಗದಿರಲೆಂದು ಈ ಸಲ ನಾಲ್ಕು ಮುಚ್ಚಳ.

ಮಂಗಳವಾರ ಎರಡು ಪದರ ಕಟ್ಟಿಸಿಕೊಂಡ ಪುಟ್ಟಿ ಕುಸ್ತಿಗೆ ಹೊರಟ ಪೈಲ್ವಾನನಂತೆ ಕಾಲಗಲಿಸಿ ಡೇಕೇರಿನೊಳಗೆ ನಡೆದಳು. ಅವತ್ತು ಗ್ಯಾರಂಟಿಯ ಕಣ್ಣು ಕೆಲಸದ ಮೇಲಿರಲಿಲ್ಲ, ಫೋನಿನ ಮೇಲಿತ್ತು. ಕಚೇರಿಯ ನಲ್ಲಿಯಲ್ಲಿ ಟಪ್ ಎಂದು ಹನಿ ಬಿದ್ದರೆ ಬೆಚ್ಚುತ್ತಿದ್ದ. ಸಹೋದ್ಯೋಗಿ ನೀರು ಕುಡಿದರೂ ಎದೆ ಡವಡವ. ಹನ್ನೊಂದು ಗಂಟೆಗೆ ಸಂದೇಶ ಬಂತು: "ಎರಡು. ಕಾರ್ಪೆಟ್ಟಿನ ನಡುಭಾಗ."

ಮನೆಯಲ್ಲಿ ಹೆಂಡತಿ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು! ಅವಳು ಬಿಳಿ ಕೋಟನ್ನು ಮಡಿಸಿ ಕಪಾಟಿನಲ್ಲಿಡುತ್ತಾ ಹೇಳಿದಳು: "ನಾಳೆ ಮಾಮೂಲಿ ಡೈಪರ್ ಹಾಕಿ ಕಳಿಸೋಣ ರೀ. ಇನ್ನೊಂದು ಸಲ ಆದ್ರೆ ಮುಗೀತು."

"ಗುಳ್ಳೆ ಈಗ ತಾನೇ ಒಣಗ್ತಿದೆ ಕಣೇ. ಮತ್ತೆ ಅದನ್ನೇ ಕಟ್ಟೋದಾ?"

ಅದು ನಿಜವಾಗಿತ್ತು. ಅವಳು ಮಗಳ ತೊಡೆಯ ಮೇಲೆ ಬೆರಳಾಡಿಸಿ ನೋಡಿದಳು. ಮರುದಿನ ಬೆಳಿಗ್ಗೆ ಡೇಕೇರಿನ ಚೀಲ ತುಂಬುವಾಗ ಅವನ ಒಂದು ಹಳೆಯ ಟೀ ಶರ್ಟನ್ನು ಒಗೆದಿಟ್ಟ ಬಟ್ಟೆಗಳ ನಡುವಿನಿಂದ ತೆಗೆದು ಅಡಿಯಲ್ಲಿಟ್ಟಳು. "ಒದ್ದೆಯಾದದ್ದನ್ನ ಸುತ್ತಿ ಕಳಿಸೋಕಾದ್ರೂ ಆಗುತ್ತೆ" ಎಂದಳು. ಅದು ಕಂಪನಿ ಕೊಟ್ಟಿದ್ದ ಹತ್ತಿಯ ಶರ್ಟು, ಐದು ವರ್ಷ ಬಿಸಿಲಲ್ಲಿ ಬೆವರು ಕುಡಿದು ಬಲೆಯಂತಾಗಿತ್ತು. ಬೆನ್ನ ಮೇಲೆ ಮಾತ್ರ ದೊಡ್ಡ ಅಕ್ಷರಗಳು ಮಾಸಿರಲಿಲ್ಲ: 'ಒಂದು ಹನಿಯನ್ನೂ ಒಳಗೆ ಬಿಡೆವು!'

ಬುಧವಾರ ಗ್ಯಾರಂಟಿ ಮಗಳಿಗೆ ಮೂರು ಪದರ ಕಟ್ಟಿದ. ಅವಳು ಈಗ ನಡೆಯಲಾರದೆ ಉರುಳುತ್ತಿದ್ದಳು. ಹಾಗೇ ಎತ್ತಿಕೊಂಡು ಹೋಗಿ ಬಿಟ್ಟು ಬಂದು, ಔಷಧಿ ಅಂಗಡಿಯವರೊಬ್ಬರ ಮನೆಯ ತಾರಸಿ ಹತ್ತಿದ. ಕಾಲು ತಾನಾಗಿ ಎರಡು ಸಲ ಕುಟ್ಟಿತು. ಬಾಯಿ ತಾನಾಗಿ ತೆರೆಯಿತು.

"ಹತ್ತು ವರ್ಷ ಗ್ಯಾರಂಟಿ ಸಾರ್! ಒಂದು ಹನಿ ಕೆಳಗಿಳಿದ್ರೆ..."

ಫೋನು ಬಡಿದುಕೊಂಡಿತು. ಡೇಕೇರಿನ ಮೇಡಂ.

"ಪುಟ್ಟಿ ತಂದೆಯವರಾ? ನಿಮ್ಮ ಡೈಪರ್ ವಿಷಯ. ತಕ್ಷಣ ಬನ್ನಿ."

ಅಷ್ಟೇ. ಕರೆ ಕಡಿದುಹೋಯಿತು. ಮೂರು! ಗ್ಯಾರಂಟಿಯ ಕಣ್ಣ ಮುಂದೆ ಬಿಳಿ ಕೋಟು ತೇಲಿತು. ಕಣ್ಣಿನ ಆಸ್ಪತ್ರೆಯ ಆ ಕುರ್ಚಿಯ ಮೇಲೆ ಯಾರೋ ಅಪರಿಚಿತರು ಆರಾಮಾಗಿ ಕೂತಂತೆ ಕಂಡಿತು.

"ಏನಾಯ್ತು? ಮುಖ ಹೀಗೆ ಬಿಳಿಚಿಕೊಂಡಿದೆ?" ಎಂದರು ಔಷಧಿ ಅಂಗಡಿಯವರು.

"ಮಗಳ ಡೈಪರ್ ಸಾರ್. ಸೋರಿದೆ. ನಾನು ಹೋಗ್ಲೇಬೇಕು."

"ಎಷ್ಟು ಸೋರಿರುತ್ತೆ ಮಹಾ?"

"ಒಂದು ಲೋಟ ಇರಬಹುದು ಸಾರ್."

ಅವರು ಆಕಾಶ ನೋಡಿದರು, ತಮ್ಮ ತಾರಸಿಯ ಉದ್ದಗಲ ನೋಡಿದರು. "ಒಂದು ಲೋಟಕ್ಕೇ ಹೀಗೆ ಓಡ್ತೀರಿ. ಇಲ್ಲಿ ಇಡೀ ಮಳೆಗಾಲ ಬೀಳುತ್ತಲ್ಲ ಸ್ವಾಮಿ!"

ಉತ್ತರಿಸಲು ಪುರುಸೊತ್ತಿಲ್ಲದೆ ಅವನು ಮೆಟ್ಟಿಲನ್ನು ಎರಡೆರಡಾಗಿ ಇಳಿದ. ದಾರಿಯುದ್ದಕ್ಕೂ ಮೇಡಮ್ಮಿಗೆ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿದ. 'ತಪ್ಪು ನನ್ನದು. ಮಗುವಿನದಲ್ಲ, ಅವಳ ತಾಯಿಯದಂತೂ ಅಲ್ಲವೇ ಅಲ್ಲ. ಬೇಕಾದರೆ ನಿಮ್ಮ ಕಾರ್ಪೆಟ್ಟನ್ನು ದಿನಾ ಬಂದು ನಾನೇ ಒಗೆಯುತ್ತೇನೆ.' ಡೇಕೇರಿನ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಪೂರ್ತಿ ಮರೆತುಹೋಯಿತು.

ಒಳಗೆ ಮೇಡಂ ಮೇಜಿನ ಹಿಂದೆ ಕೂತಿದ್ದರು. ಪಕ್ಕದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ವಯಸ್ಸಾದ ಆಯಾ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. ಮೇಜಿನ ಮೇಲೆ ಅವನ ಹನ್ನೆರಡು ಬಟ್ಟೆಗಳಲ್ಲಿ ಒಂದು, ಸಾಕ್ಷಿಯಂತೆ ಬಿದ್ದಿತ್ತು.

"ಮೇಡಂ, ಮೂರನೇದೂ ಆಗಿಹೋಯ್ತಾ?"

"ಮೊದಲು ಆಯಮ್ಮ ಹೇಳೋದು ಕೇಳಿ."

ಆಯಾ ಒಂದು ಚಮಚ ನೀರು ತೆಗೆದು ಬಟ್ಟೆಯ ಮೇಲೆ ಹಾಕಿದರು. ನೀರು ತಾವರೆ ಎಲೆಯ ಮೇಲಿನ ಹನಿಯಂತೆ ಮುತ್ತುಮುತ್ತಾಗಿ ಕೂತಿತು. ಬಟ್ಟೆಯ ಅಂಚನ್ನು ಸ್ವಲ್ಪ ಎತ್ತಿದರು. ಮುತ್ತುಗಳೆಲ್ಲ ಸಾಲಾಗಿ ಉರುಳಿ ಮೇಜಿನ ಮೇಲಿಳಿದವು. ಬಟ್ಟೆ ಒಣ ಒಣ!

"ಬೆಳಿಗ್ಗೆ ಇಲ್ಲಿ ನೀರು ಚೆಲ್ಲಿತ್ತು ಕಣಪ್ಪ. ಕೈಗೆ ಸಿಕ್ಕಿದ ನಿಮ್ಮ ಬಟ್ಟೇಲಿ ಒರೆಸಿದೆ. ನೀರು ಮೇಜಿನ ಆ ಕಡೆಗೆ ಓಡಿಹೋಯ್ತು! ನಲವತ್ತು ವರ್ಷದಿಂದ ಮಕ್ಕಳ ಬಟ್ಟೆ ನೋಡಿದೀನಿ, ನೀರಿಗೆ ಹೆದರೋ ಬಟ್ಟೆ ಇದೇ ಮೊದಲು ನೋಡಿದ್ದು. ಏನು ಹಾಕಿ ಒಗೆದೆ?"

"ಸಾಫ್ಟ್‌ನರ್ ಅಮ್ಮ. ಮೆತ್ತಗಿರಲಿ ಅಂತ. ಸ್ವಲ್ಪಾನೇ... ಮೂರು ಮುಚ್ಚಳ. ಆಮೇಲೆ ನಾಲ್ಕು."

"ಅಯ್ಯೋ ಮಾರಾಯ! ಅದರ ಜಿಡ್ಡು ಬಟ್ಟೆಗೆಲ್ಲ ಹತ್ತಿದೆ. ನೀರು ಒಳಗೆ ಹೋಗೋಕೆ ದಾರಿ ಎಲ್ಲಿ? ಮಗು ಮಾಡಿದ್ದು ಮೇಲೇ ನಿಲ್ಲುತ್ತೆ, ಅದು ಕೂತರೆ ಪಕ್ಕದಿಂದ ಹೊರಗೆ. ನೀನು ಇನ್ನೂ ಹತ್ತು ಪದರ ಕಟ್ಟು, ಹತ್ತೂ ಹೀಗೇ! ಪೊಟ್ಟಣದ ಜೊತೆ ಚೀಟಿ ಬಂದಿರ್ಬೇಕಲ್ಲ. ಅದರಲ್ಲಿ ಬರೆದಿರ್ಲಿಲ್ವಾ?"

ಭಾನುವಾರದ ಕೆರೆ ಗ್ಯಾರಂಟಿಯ ಕಣ್ಣ ಮುಂದೆ ಬಂತು. ಹನ್ನೆರಡು ವರ್ಷ ನೀರನ್ನು ಹೊರಗಿಡುವುದನ್ನೇ ಕಲಿತವನು, ನೀರನ್ನು ಒಳಗೆ ಬಿಟ್ಟುಕೊಳ್ಳುವುದೂ ಒಂದು ಕೆಲಸ ಎಂಬುದನ್ನು ಮರೆತೇಬಿಟ್ಟಿದ್ದ! ಡೈಪರನ್ನು ತಾರಸಿ ಮಾಡಿ, ಪಾಸು ಮಾಡಿ, ಮಗಳಿಗೆ ಕಟ್ಟಿ ಕಳಿಸಿದ್ದ.

"ಹಾಗಾದ್ರೆ ಕಾರ್ಪೆಟ್?" ಎಂದ.

"ಹೋಗಿ ನೋಡಿ" ಎಂದರು ಮೇಡಂ.

ಆಟದ ಕೋಣೆಯಲ್ಲಿ ಕಾರ್ಪೆಟ್ಟಿನ ನಟ್ಟನಡುವೆ ಪುಟ್ಟಿ ಕೂತು ಮರದ ತುಂಡುಗಳನ್ನು ಜೋಡಿಸುತ್ತಿದ್ದಳು. ಅಪ್ಪನನ್ನು ಕಂಡು ಎದ್ದು, ತಿರುಗಿ, ಇನ್ನೊಂದು ತುಂಡು ಎತ್ತಿಕೊಳ್ಳಲು ಬಗ್ಗಿದಳು. ಅವಳ ಹಿಂಭಾಗದಲ್ಲಿ, ದೊಡ್ಡ ಅಕ್ಷರಗಳಲ್ಲಿ, 'ಒಂದು ಹನಿಯನ್ನೂ ಒಳಗೆ ಬಿಡೆವು!' ಎಂದಿತ್ತು. ಆಯಾ ಅವನ ಟೀ ಶರ್ಟನ್ನು ನಾಲ್ಕು ಮಡಿಕೆ ಮಾಡಿ ಕಟ್ಟಿದ್ದರು. ಕೈ ತೂರಿಸಿ ನೋಡಿದರೆ ಶರ್ಟಿನ ಒಳಮಡಿಕೆಗಳು ತೊಪ್ಪೆ, ಹೊರಮಡಿಕೆ ಒಣ. ಕಾರ್ಪೆಟ್ ಗರಿಗರಿ. ಬೆನ್ನ ಮೇಲಿನ ಮಾತನ್ನು ಗಾಳಿಗೆ ತೂರಿ ಅದು ಪ್ರತಿ ಹನಿಯನ್ನೂ ಒಳಗೆ ಬಿಟ್ಟುಕೊಂಡಿತ್ತು.

"ನಿನ್ನ ಚೀಲದಲ್ಲಿ ಕೆಲಸಕ್ಕೆ ಬಂದದ್ದು ಅದೊಂದೇ" ಎಂದರು ಆಯಾ. "ಉಳಿದವನ್ನ ಬಿಸಿನೀರಲ್ಲಿ ಸೋಪು ಹಾಕಿ, ಆ ಜಿಡ್ಡು ಹೋಗೋವರೆಗೂ ಜಾಲಿಸು. ಅದುವರೆಗೆ ಹಳೇ ಶರ್ಟು ಇದ್ರೆ ಕಳಿಸು."

"ಇವತ್ತಿಗೂ ಎರಡೇ ಲೆಕ್ಕ" ಎಂದರು ಮೇಡಂ. "ನಾಳೆ ಮಗೂನ ಕರ್ಕೊಂಡು ಬನ್ನಿ."

ಗ್ಯಾರಂಟಿ ಮಕ್ಕಳ ಪುಟ್ಟ ಕುರ್ಚಿಯ ಮೇಲೆ ಕೂತುಬಿಟ್ಟ. ಮೊಣಕಾಲು ಗದ್ದಕ್ಕೆ ತಾಗಿತು. ಕಣ್ಣಲ್ಲಿ ನೀರು ಬಂತು. ಅದನ್ನು ಒರೆಸಿಕೊಳ್ಳಲು ಮೇಜಿನ ಮೇಲಿಂದ ಎತ್ತಿಕೊಂಡು ಬಂದಿದ್ದ ಡೈಪರ್ ಬಟ್ಟೆಯನ್ನು ಒತ್ತಿದರೆ, ಹಾಳಾದ್ದು, ಕಣ್ಣೀರನ್ನೂ ಕೆನ್ನೆಯ ಮೇಲೆಲ್ಲ ಸವರಿತು!

ಹೊರಡುವಾಗ ಮೇಡಂ ಮತ್ತೆ ಕರೆದರು. ದನಿ ಸ್ವಲ್ಪ ಮೆತ್ತಗಾಗಿತ್ತು.

"ನೀವು ಸೋರೋ ಕಟ್ಟಡ ರಿಪೇರಿ ಮಾಡ್ತೀರಂತೆ? ನಮ್ಮ ಅಡುಗೆ ಕೋಣೆ ಮೂಲೇಲಿ ಮಳೆ ಬಂದ್ರೆ ಸೋರುತ್ತೆ. ಮೂರು ಜನ ಬಂದು ಕೈಚೆಲ್ಲಿ ಹೋದ್ರು. ನಿಮ್ಮ ಮೇಲೆ ನನಗೆ ಪೂರ್ತಿ ನಂಬಿಕೆ ಬಂದಿದೆ."

"ನನ್ನ ಮೇಲಾ ಮೇಡಂ? ಇಷ್ಟೆಲ್ಲ ಆದ್ಮೇಲೂ?"

"ಬಟ್ಟೆಯೊಳಗೇ ನೀರು ಹೋಗದ ಹಾಗೆ ಮಾಡಿದವರು, ಸಿಮೆಂಟಿನೊಳಗೆ ಹೋಗೋಕೆ ಬಿಡ್ತೀರಾ?"

ಸಂಜೆ ಹೆಂಡತಿ ಬಂದಾಗ ಮನೆ ತುಂಬ ಬಿಸಿನೀರಿನ ಹಬೆ. ಗ್ಯಾರಂಟಿ ಮೊಣಕೈವರೆಗೆ ನೊರೆ ಮಾಡಿಕೊಂಡು, ಒಂದನ್ನೂ ಮುಚ್ಚಿಡದೆ ಹೇಳಿದ. ಮೂರು ಮುಚ್ಚಳ, ನಾಲ್ಕು ಮುಚ್ಚಳ, ಚಮಚದ ನೀರು, ಮಗಳ ಹಿಂಭಾಗದ ಘೋಷಣೆ, ಎಲ್ಲವನ್ನೂ. ಅವಳು ಕೇಳುತ್ತಾ ಕೇಳುತ್ತಾ ಕೋಟು ಬಿಚ್ಚುವುದನ್ನೂ ಮರೆತು ಗೋಡೆಗೊರಗಿ ನಗತೊಡಗಿದಳು. ಮೂರು ದಿನದ ಉಸಿರು ಅವತ್ತು ಹೊರಬಂದಂತಿತ್ತು.

"ಆದ್ರೆ ಚೀಟೀಲಿ ಇದು ಇರಲಿಲ್ಲ ಕಣೇ! ಇದ್ದಿದ್ರೆ ನಾನು ತಪ್ಪಿಸ್ತಿದ್ನಾ?"

ಅವಳು ಹೋಗಿ ಚೀಟಿ ನೋಡಿದಳು. ಆಮೇಲೆ ಅದರ ಕೆಳಗಿನ ಅಂಚಿನ ಬೂದು ಟೇಪು ನೋಡಿದಳು. ಆಮೇಲೆ ಗಂಡನ ಮುಖ ನೋಡಿದಳು.

"ಇದನ್ನ ಬಿಚ್ಚಿ."

ಟೇಪು ಬಿಡಲಿಲ್ಲ. ಉಗುರು ಹಾಕಿದ, ಚಾಕು ಹಾಕಿದ, ಬಿಸಿನೀರು ಸವರಿದ. ಹತ್ತು ವರ್ಷ ಗ್ಯಾರಂಟಿಯ ಟೇಪು! ಅವನು ಕೊಟ್ಟ ಗ್ಯಾರಂಟಿಗಳಲ್ಲಿ ಆ ವಾರ ಮಾತು ಉಳಿಸಿಕೊಂಡದ್ದು ಅದೊಂದೇ. ಕೊನೆಗೆ ಅರ್ಧ ಗಂಟೆ ಗೀರಿದ ಮೇಲೆ ಗೋಡೆಯ ಬಣ್ಣವನ್ನೂ ಒಂದಿಷ್ಟು ಕಿತ್ತುಕೊಂಡು ಎದ್ದು ಬಂತು. ಅಡಿಯಲ್ಲಿ ಸಣ್ಣ ಅಕ್ಷರದ ಒಂದು ಸಾಲಿತ್ತು.

ಅವನು ಬಗ್ಗಿ ಓದಲು ಹೋದ. ಹೆಂಡತಿ ಭುಜ ಹಿಡಿದು ಎರಡು ಹೆಜ್ಜೆ ಹಿಂದಕ್ಕೆಳೆದು ನೆಟ್ಟಗೆ ನಿಲ್ಲಿಸಿದಳು. ಅಂಗೈಯಿಂದ ಅವನ ಎಡಗಣ್ಣು ಮುಚ್ಚಿದಳು.

"ಓದಿ."

"ಸಾಫ್ಟ್‌ನರ್ ಬಳಸಲೇಬೇಡಿ. ಬಟ್ಟೆ ನೀರು ಹೀರುವುದಿಲ್ಲ."

ಅಂಗೈ ಬಲಗಣ್ಣಿಗೆ ಬಂತು. "ಈಗ?"

"ಸಾಫ್ಟ್‌ನರ್... ಬಳಸಲೇಬೇಡಿ."

"ಎರಡು ಕಣ್ಣೂ ಚೆನ್ನಾಗಿವೆ. ಕನ್ನಡಕ ಬೇಕಿಲ್ಲ" ಎಂದು ಕೈ ತೆಗೆದು, ಅವಳು ಬಿಳಿ ಕೋಟನ್ನು ಬಿಚ್ಚಿ ನಾಳೆಗೆಂದು ಬಾಗಿಲ ಹಿಂದಿನ ಮೊಳೆಗೆ ತಗುಲಿಸಿದಳು. "ಇವತ್ತು ನಲವತ್ತು ಜನಕ್ಕೆ 'ಕೊನೇ ಸಾಲು ಓದಿ, ಕೊನೇ ಸಾಲು ಓದಿ' ಅಂತ ಹೇಳಿ ಗಂಟಲು ಕಟ್ಟಿದೆ ರೀ. ಮನೇಲಿದ್ದ ಒಬ್ಬರಿಗೆ ಹೇಳೋದು ಮರೆತಿದ್ದೆ ನೋಡಿ!"